ಹಂದಿಗೂ ಮನುಷ್ಯನಿಗೂ ಒಟ್ಟಿಗೆ ಮದ್ದು



ಮೂರ್ಛೆರೋಗದ ಬಗ್ಗೆ ಮಾತಾಡಲು ಈ ಸಲ ಪಶುವೈದ್ಯನೊಬ್ಬನನ್ನು ಕರೆದಿದ್ದೀರಿ. ಈ ಆಯ್ಕೆ ನನಗೆ ಬಹಳ ಸಂತೋಷ ತಂದಿದೆ. ಬಡ ದೇಶಗಳ ಹಳ್ಳಿಗಳಲ್ಲಿ ಕಾಣುವ ಮೂರ್ಛೆರೋಗದ ದೊಡ್ಡದೊಂದು ಪಾಲನ್ನು ಆಸ್ಪತ್ರೆಯೊಳಗೆ ಕೂತು ತಡೆಯಲಾಗದು. ಹಂದಿ ಸಾಕಿದ ಮನೆಯ ಹಿತ್ತಲಿಗೆ ಹೋದರೆ ತಡೆಯಬಹುದು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಇದನ್ನು ಹೇಳಲು ದೂರದ ಒಂದು ಊರಿನಿಂದ ಶುರು ಮಾಡುತ್ತೇನೆ.

ನ್ಯೂಗಿನಿ ದ್ವೀಪದ ಪಶ್ಚಿಮ ಭಾಗ ಇಂಡೊನೇಷ್ಯಾಕ್ಕೆ ಸೇರಿದ್ದು. ಅಲ್ಲಿಯ ಪನಿಯಾಯ್ ಸರೋವರಗಳ ಸುತ್ತಲಿನ ಮಲೆನಾಡಿನಲ್ಲಿ ಎಕಾರಿ ಎಂಬ ಜನ ಇದ್ದಾರೆ. ಮದುವೆಗೆ, ಸಾವಿಗೆ, ಸಂಧಾನಕ್ಕೆ, ಎಲ್ಲಕ್ಕೂ ಅವರಿಗೆ ಹಂದಿ ಬೇಕು. 1970ರ ದಶಕದ ಆರಂಭದಲ್ಲಿ ಸರ್ಕಾರ ಅವರಿಗೆ ಬಾಲಿ ದ್ವೀಪದ ಹಂದಿಗಳನ್ನು ಉಡುಗೊರೆಯಾಗಿ ಕಳಿಸಿತು. ಕೆಲಕಾಲದ ನಂತರ ಅಲ್ಲಿನ ಆಸ್ಪತ್ರೆಗೆ ಮೈ ಸುಟ್ಟುಕೊಂಡವರು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಚಳಿಯ ನಾಡು ಅದು. ಗುಡಿಸಲ ನಡುವೆ ಬೆಂಕಿ ಹಾಕಿಕೊಂಡು ಸುತ್ತ ಮಲಗುತ್ತಾರೆ. ಅದುವರೆಗೆ ಆರೋಗ್ಯವಾಗಿದ್ದ ವಯಸ್ಕರಿಗೆ ನಡುರಾತ್ರಿ ನಿದ್ದೆಯಲ್ಲೇ ಫಿಟ್ಸ್ ಬಂದು, ಬೆಂಕಿಗೆ ಉರುಳಿ ಬೀಳುತ್ತಿದ್ದರು. ಸುಟ್ಟ ಗಾಯದ ಜಾಡು ಹಿಡಿದು ಹೋದ ವೈದ್ಯರಿಗೆ ರೋಗಿಗಳ ಚರ್ಮದ ಕೆಳಗೆ ಗಂಟುಗಳು ಕಂಡವು. ಗಂಟುಗಳ ಒಳಗಿದ್ದದ್ದು ಲಾಡಿಹುಳುವಿನ ಮರಿ. ಅದೇ ಮರಿ ಅವರ ಮಿದುಳಲ್ಲೂ ಇತ್ತು. ಆ ಪ್ರದೇಶಕ್ಕೆ ಹಂದಿಗಳ ಜೊತೆ ಹುಳುವೂ ಕಾಲಿಟ್ಟಿತ್ತು.

ಹುಳುವಿನ ಶಾಸ್ತ್ರೀಯ ಹೆಸರು ಟೀನಿಯಾ ಸೋಲಿಯಮ್. ಬದುಕು ನಡೆಸಲು ಅದಕ್ಕೆ ಎರಡು ಒಡಲು ಬೇಕು. ಮರಿಹುಳು ಇರುವ ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಸಣ್ಣಕರುಳಿಗೆ ಅದು ಕಚ್ಚಿಕೊಂಡು ಕೆಲವು ಮೀಟರ್ ಉದ್ದಕ್ಕೆ ಬೆಳೆಯುತ್ತದೆ. ಹೊತ್ತವರಿಗೆ ಹೆಚ್ಚಿನ ತೊಂದರೆಯೇನೂ ಆಗುವುದಿಲ್ಲ. ವರ್ಷಗಟ್ಟಲೆ ಹುಳು ಇದ್ದರೂ ಅನೇಕರಿಗೆ ಅದರ ಸುಳಿವೇ ಇರುವುದಿಲ್ಲ. ಬಲಿತ ತುಂಡುಗಳು ಬಾಲದ ಕಡೆಯಿಂದ ಕಳಚಿ ಮಲದ ಜೊತೆ ಹೊರಬೀಳುತ್ತವೆ. ಒಂದೊಂದು ತುಂಡಿನಲ್ಲಿ 50,000ದವರೆಗೆ ಮೊಟ್ಟೆ ಇರುತ್ತವೆ. ಬಯಲಲ್ಲಿ ಬಿದ್ದ ಆ ಮಲವನ್ನು ಹಂದಿ ತಿನ್ನುತ್ತದೆ. ಮೊಟ್ಟೆಯೊಡೆದು ಬಂದ ಮರಿ ಕರುಳಿನ ಗೋಡೆ ಕೊರೆದು, ರಕ್ತ ಸೇರಿ, ಮಾಂಸಖಂಡದಲ್ಲಿ ನೆಲೆ ನಿಂತು, ಎರಡು ಮೂರು ತಿಂಗಳಲ್ಲಿ ಬೆಂದ ಸಾಬಕ್ಕಿಯಂಥ ಗುಳ್ಳೆಯಾಗುತ್ತದೆ. ಆ ಮಾಂಸ ಮತ್ತೆ ಮನುಷ್ಯನ ತಟ್ಟೆಗೆ ಬರುತ್ತದೆ.

ಚಕ್ರ ಇಲ್ಲಿಗೆ ಪೂರ್ತಿಯಾಯಿತು. ಆದರೆ ಮೊಟ್ಟೆಗೆ ಹಂದಿ ಯಾವುದು, ಮನುಷ್ಯ ಯಾರು ಎಂಬ ಭೇದವಿಲ್ಲ. ಹುಳು ಹೊತ್ತವರು ಬಹಿರ್ದೆಸೆಗೆ ಹೋಗಿ ಬಂದು ಕೈ ತೊಳೆಯದೆ ಅಡುಗೆಗೆ ನಿಂತರೆ, ಅದೇ ಮೊಟ್ಟೆ ಮಗುವಿನ ಬಾಯಿಗೂ ಹೋಗುತ್ತದೆ. ಹಂದಿಯ ತೊಡೆಯಲ್ಲಿ ಆಗುವ ಗುಳ್ಳೆ ಆಗ ಮಗುವಿನ ಮಿದುಳಲ್ಲಿ ಆಗುತ್ತದೆ. ಗುಳ್ಳೆ ಜೀವಂತ ಇರುವಷ್ಟು ಕಾಲ, ಅಂದರೆ ಹಲವು ವರ್ಷ, ಸುಮ್ಮನೆ ಇರಬಹುದು. ಅದು ಸಾಯತೊಡಗಿದಾಗ ಸುತ್ತಲಿನ ಮಿದುಳು ಊದಿಕೊಂಡು ಫಿಟ್ಸ್ ಬರುತ್ತದೆ. ದಯವಿಟ್ಟು ಇದೊಂದನ್ನು ನೆನಪಿಡಿ: ಮಾಂಸ ತಿಂದರೆ ಬರುವುದು ಹೊಟ್ಟೆಯ ಹುಳು, ಮಿದುಳಿನ ಗುಳ್ಳೆ ಬರುವುದು ಮನುಷ್ಯನ ಮಲದಲ್ಲಿದ್ದ ಮೊಟ್ಟೆ ನುಂಗಿದರೆ. ಹಾಗಾಗಿ ಜನ್ಮದಲ್ಲಿ ಹಂದಿಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. 1990ರ ಸುಮಾರಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಂಪ್ರದಾಯಸ್ಥ ಯಹೂದಿ ಕುಟುಂಬಗಳ ಕೆಲವರಲ್ಲಿ ಇದೇ ಕಾಯಿಲೆ ಕಾಣಿಸಿತು. ಹಂದಿಮಾಂಸ ಅವರ ಧರ್ಮಕ್ಕೇ ನಿಷಿದ್ಧ. ಹುಳು ವ್ಯಾಪಕವಾಗಿರುವ ಲ್ಯಾಟಿನ್ ಅಮೆರಿಕದ ದೇಶಗಳಿಂದ ಮನೆಗೆಲಸಕ್ಕೆ ಬಂದವರಿಂದ ಸೋಂಕು ದಾಟಿತ್ತೆಂದು ತನಿಖೆಯಲ್ಲಿ ತಿಳಿಯಿತು. ಆ ಮನೆಗೆಲಸದವರನ್ನು ಅಪರಾಧಿಗಳಂತೆ ನೋಡುವುದು ತಪ್ಪು. ತಮ್ಮೊಳಗೆ ಹುಳು ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಒಂದೇ ಸಲದ ಮದ್ದಿಗೆ ಹೋಗುವ ಹುಳುವಿಗೆ ಅವರ ಊರಲ್ಲಿ ಮಾತ್ರೆ ಕೊಡುವವರೂ ಇರಲಿಲ್ಲ.

ಈ ಚಕ್ರ ನಮಗೆ ಹೊಸತಲ್ಲ. 1855ರಲ್ಲಿ ಜರ್ಮನಿಯ ವೈದ್ಯ ಫ್ರೀಡ್ರಿಶ್ ಕೂಖನ್‌ಮೈಸ್ಟರ್ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಊಟದಲ್ಲಿ, ಅವನಿಗೆ ತಿಳಿಯದಂತೆ, ಹಂದಿಯ ಗುಳ್ಳೆಗಳನ್ನು ಬೆರೆಸಿದ. ಶಿಕ್ಷೆ ಜಾರಿಯಾದ ಮೇಲೆ ಅವನ ಕರುಳಲ್ಲಿ ಎಳೆಯ ಲಾಡಿಹುಳುಗಳು ಸಿಕ್ಕವು. ಆ ಪ್ರಯೋಗ ಮಾಡಬಾರದ ಪ್ರಯೋಗ. ಅದನ್ನು ಸಾಧನೆಯೆಂದು ಹೊಗಳಲು ನನ್ನಿಂದಾಗದು. ಆದರೆ ಅಂದು ತಿಳಿದದ್ದನ್ನು ಇಂದಿಗೂ ಪೂರ್ತಿ ಬಳಸಿಕೊಂಡಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ನೋವು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಿದುಳಲ್ಲಿ ಈ ಗುಳ್ಳೆ ಇರುವವರು 25.6 ಲಕ್ಷದಿಂದ 83 ಲಕ್ಷದವರೆಗೆ. ಹುಳು ನೆಲೆಯೂರಿದ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ಶೇ. 30ರಷ್ಟಕ್ಕೆ ಇದೇ ಕಾರಣ. ಜಗತ್ತಿನ ಸುಮಾರು 5 ಕೋಟಿ ಮೂರ್ಛೆರೋಗಿಗಳಲ್ಲಿ ಹೆಚ್ಚಿನವರು ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಕಡಿಮೆ ಆದಾಯದ ದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಸರಿಯಾದ ಚಿಕಿತ್ಸೆ ಸಿಗುತ್ತಿಲ್ಲ. ಸಿ.ಟಿ. ಸ್ಕ್ಯಾನ್ ಇರುವ ಊರು ದಿನಗಟ್ಟಲೆ ದೂರ. ಫಿಟ್ಸ್ ಬಂದ ಹುಡುಗಿಯನ್ನು ಶಾಲೆಯಿಂದ ಬಿಡಿಸುತ್ತಾರೆ, ಮದುವೆ ಮುರಿಯುತ್ತದೆ. ದೆವ್ವ ಮೆಟ್ಟಿದೆಯೆಂದೋ, ಮುಟ್ಟಿದರೆ ಅಂಟುತ್ತದೆಯೆಂದೋ ಹತ್ತಿರ ಹೋಗುವುದಿಲ್ಲ. ನಮ್ಮಲ್ಲಿ ಇಂದಿಗೂ ಫಿಟ್ಸ್ ಬಂದವರ ಕೈಗೆ ಬೀಗದಕೈ ಗೊಂಚಲು ತುರುಕುತ್ತೇವಲ್ಲ, ಬೇರೆ ದೇಶಗಳ ಹಳ್ಳಿಗಳನ್ನು ಹಳಿಯುವ ಹಕ್ಕು ನಮಗಿಲ್ಲ.

ಭಾರತಕ್ಕೂ ಈ ಹುಳುವಿನ ಇತಿಹಾಸಕ್ಕೂ ಹಳೆಯ ನಂಟು. ಬ್ರಿಟಿಷ್ ಆಡಳಿತದ ಕಾಲದಲ್ಲಿ ಇಲ್ಲಿ ಸೇವೆ ಸಲ್ಲಿಸಿ ಊರಿಗೆ ಮರಳಿದ ಸೈನಿಕರಲ್ಲಿ ಹಲವರಿಗೆ ವರ್ಷಗಳ ಮೇಲೆ ಮೂರ್ಛೆ ಬರುತ್ತಿತ್ತು. ಮ್ಯಾಕಾರ್ಥರ್ ಎಂಬ ಸೇನಾ ವೈದ್ಯ 1930ರ ದಶಕದಲ್ಲಿ ಅದರ ಮೂಲ ಈ ಹುಳು ಎಂದು ಗುರುತಿಸಿದ. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕೋಂಬ್ ಅಂಥ 450 ಪ್ರಕರಣಗಳ ಅಧ್ಯಯನ ಪ್ರಕಟಿಸಿದರು. ಸೋಂಕು ತಗುಲಿದ ಎಷ್ಟು ವರ್ಷಕ್ಕೆ ಫಿಟ್ಸ್ ಶುರುವಾಗುತ್ತದೆ ಎಂಬ ತಿಳಿವಳಿಕೆಗೆ ಆ ಅಧ್ಯಯನವೇ ಬಹುಕಾಲ ಆಧಾರವಾಗಿತ್ತು. ಆ ಸೈನಿಕರು ಇದ್ದ ಊರುಗಳಲ್ಲೇ ಹುಟ್ಟಿ, ಅಲ್ಲೇ ಬದುಕಿದವರ ಲೆಕ್ಕವನ್ನು ಅಂದು ಯಾರೂ ಇಡಲಿಲ್ಲ.

ಸ್ವಾತಂತ್ರ್ಯಾನಂತರದ ಕೆಲಸ ಹೆಮ್ಮೆಪಡುವಂಥದ್ದು. ಸಿ.ಟಿ. ಯಂತ್ರಗಳು ಬಂದ ಹೊಸತರಲ್ಲಿ ಫಿಟ್ಸ್ ಬಂದ ಮಕ್ಕಳ ಮಿದುಳಲ್ಲಿ ಒಂದೇ ಒಂದು ಸಣ್ಣ ಚುಕ್ಕೆ ಕಾಣುತ್ತಿತ್ತು. ಅದನ್ನು ಕ್ಷಯದ ಗಂಟೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮದ್ದು ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಚಾಂಡಿ, ರಾಜಶೇಖರ್ ಮೊದಲಾದ ನರಶಸ್ತ್ರಚಿಕಿತ್ಸಕರು ಅಂಥ ಚುಕ್ಕೆಗಳನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಹುಪಾಲು ಸಿಕ್ಕಿದ್ದು ಸಾಯುತ್ತಿದ್ದ ಲಾಡಿಹುಳುವಿನ ಮರಿ. ಎಷ್ಟೋ ಮಕ್ಕಳಿಗೆ ಬೇಡದ ಮದ್ದು ತಪ್ಪಿತು. ಮುಂದೆ ವೆಲ್ಲೂರು ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ಸಕ್ರಿಯ ಮೂರ್ಛೆರೋಗವಿದ್ದವರಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಈ ಹುಳು ಕಾರಣವೆಂದು ಕಂಡಿತು. ನಮ್ಮ ನಿಮ್ಹಾನ್ಸ್‌ನ ಗೌರಿದೇವಿಯವರ ತಂಡ ಬೆಂಗಳೂರು ನಗರ ಮತ್ತು ಗ್ರಾಮಾಂತರದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿದಾಗ ಮೂರ್ಛೆರೋಗ ನಗರಕ್ಕಿಂತ ಹಳ್ಳಿಯಲ್ಲಿ ಎರಡರಷ್ಟಿತ್ತು: ಸಾವಿರಕ್ಕೆ 5.7ರ ಎದುರು 11.9. ಈ ವ್ಯತ್ಯಾಸವೆಲ್ಲ ಹುಳುವಿನದೆಂದು ನಾನು ಹೇಳುತ್ತಿಲ್ಲ. ರೋಗ ಹಳ್ಳಿಯಲ್ಲಿದೆ, ತಜ್ಞರು ನಗರದಲ್ಲಿದ್ದಾರೆ ಎನ್ನುವುದಂತೂ ಅದರಿಂದ ಸ್ಪಷ್ಟ.

ಈಗ ನಿಯಂತ್ರಣದ ವಿಷಯಕ್ಕೆ ಬರೋಣ. ಪಶ್ಚಿಮ ಯುರೋಪಿನಲ್ಲಿ ಈ ಹುಳು ಹೋದದ್ದು ಒಳಚರಂಡಿ, ಮಾಂಸ ತಪಾಸಣೆ, ಹಂದಿಗಳನ್ನು ಗೂಡಲ್ಲೇ ಸಾಕುವ ಪದ್ಧತಿ ಇವೆಲ್ಲ ಒಟ್ಟಾಗಿ ಬಂದಾಗ. ಅದಕ್ಕೆ ತಲೆಮಾರುಗಳೇ ಹಿಡಿದವು. ಹಾಗಾಗಿ ಬಡ ದೇಶಗಳಿಗೂ ಶೌಚಾಲಯ ಕಟ್ಟಿರಿ, ಹಂದಿ ಕಟ್ಟಿಹಾಕಿರಿ ಎಂದು ಬುದ್ಧಿ ಹೇಳುವುದು ಬಹಳ ಕಾಲದಿಂದ ನಡೆದಿದೆ. ಹೇಳುವುದು ಸುಲಭ. ಕಟ್ಟಿಹಾಕಿದ ಹಂದಿಗೆ ಮೇವು ಕೊಡಬೇಕು. ಮನೆಮಂದಿಗೇ ಎರಡು ಹೊತ್ತಿನ ಊಟ ಕಷ್ಟವಾಗಿರುವಲ್ಲಿ ಹಂದಿಯ ಹೊಟ್ಟೆ ತುಂಬಿಸುವವರು ಯಾರು? ಬಿಟ್ಟು ಮೇಯಿಸಿದರೆ ಅದು ತಾನೇ ಹುಡುಕಿ ತಿಂದು ಬೆಳೆದು, ಮಕ್ಕಳ ಶಾಲೆ ಶುಲ್ಕದ ಹೊತ್ತಿಗೆ ಹಣವಾಗುತ್ತದೆ. ಅನೇಕ ಕಡೆ ಹೆಂಗಸರ ಕೈಯಲ್ಲಿರುವ ಉಳಿತಾಯವೇ ಹಂದಿ. ಶೌಚಾಲಯವೂ ಇಟ್ಟಿಗೆ ಗಾರೆಯ ಪ್ರಶ್ನೆಯಷ್ಟೇ ಅಲ್ಲ. ಜಾಂಬಿಯಾದ ಪೂರ್ವ ಪ್ರಾಂತ್ಯದಲ್ಲಿ ಸಂಶೋಧಕರು ವಿಚಾರಿಸಿದಾಗ, ಅತ್ತೆ ಮಾವಂದಿರು ಬಳಸುವ ಶೌಚಾಲಯವನ್ನು ಅಳಿಯ ಬಳಸುವುದು ಅಲ್ಲಿ ನಿಷಿದ್ಧ ಎಂದು ತಿಳಿಯಿತು. ಹೀಗಾಗಿ ಶೌಚಾಲಯವಿದ್ದರೂ ಗಂಡಸರು ಬಯಲಿಗೆ ಹೋಗುತ್ತಿದ್ದರು. ಅದೇ ಪ್ರಾಂತ್ಯದ ಕಟೇಟೆ ಜಿಲ್ಲೆಯಲ್ಲಿ ಊರವರೇ ಸೇರಿ ಬಯಲು ಶೌಚ ನಿಲ್ಲಿಸುವ ಅಭಿಯಾನ ನಡೆಯಿತು. ಅದರಿಂದ ಹಂದಿಗಳ ಸೋಂಕು ಅಷ್ಟರಲ್ಲೇ ಕಡಿಮೆಯಾಗಲಿಲ್ಲ. ಶೌಚಾಲಯ ಬೇಕೇ ಬೇಕು, ಮಾನದ ದೃಷ್ಟಿಯಿಂದಲೂ ಬೇಕು. ಆದರೆ ಅದೊಂದನ್ನೇ ನಂಬಿ ಕೂತರೆ ಇನ್ನೆರಡು ತಲೆಮಾರಿನ ಮಕ್ಕಳು ಫಿಟ್ಸ್‌ಗೆ ಸಿಕ್ಕುತ್ತಾರೆ.

ಮಾಂಸ ತಪಾಸಣೆಯ ಕಥೆ ಇನ್ನೂ ಕಷ್ಟದ್ದು. ಪೆರುವಿನ ಹಳ್ಳಿಗಳಲ್ಲಿ ಹಂದಿ ವ್ಯಾಪಾರಿಗಳು ಹಂದಿಯ ನಾಲಿಗೆ ಹೊರಗೆಳೆದು, ಅಡಿಭಾಗವನ್ನು ಕಣ್ಣಿಂದ ನೋಡಿ ಬೆರಳಿಂದ ಸವರಿ ಗುಳ್ಳೆ ಇದೆಯೇ ಎಂದು ಪರೀಕ್ಷಿಸುತ್ತಾರೆ. ಪಶುವೈದ್ಯರೂ ಅದೇ ವಿಧಾನ ಬಳಸುತ್ತಾರೆ; ಹೆಚ್ಚು ಸೋಂಕಿರುವ ಹಂದಿ ಅದರಲ್ಲಿ ಸಿಕ್ಕುತ್ತದೆ. ಗುಳ್ಳೆ ಕಂಡರೆ ಆ ಹಂದಿ ಸರ್ಕಾರಿ ಕಸಾಯಿಖಾನೆಗೆ ಹೋಗುವುದೇ ಇಲ್ಲ, ಏಕೆಂದರೆ ಅಲ್ಲಿ ಮಾಂಸವನ್ನು ಮುಟ್ಟುಗೋಲು ಹಾಕುತ್ತಾರೆ, ಪರಿಹಾರ ಕೊಡುವುದಿಲ್ಲ. ಅದು ಅಗ್ಗದ ಬೆಲೆಗೆ ಕದ್ದುಮುಚ್ಚಿ ಮಾರಾಟವಾಗುತ್ತದೆ, ಇಲ್ಲವೇ ಮನೆಯಲ್ಲೇ ಕೊಯ್ದು ತಿನ್ನುತ್ತಾರೆ. ಪರಿಹಾರವಿಲ್ಲದ ಮುಟ್ಟುಗೋಲು ಸೋಂಕಿತ ಮಾಂಸವನ್ನು ಅತಿ ಬಡವರ ಪಾತ್ರೆಗೇ ತಳ್ಳುತ್ತದೆ. ಕಾನೂನು ಮಾಡುವವರು ಇದನ್ನು ಗಮನಿಸಲೇಬೇಕು.

ಹಾಗಾದರೆ ಬೇಗ ಮಾಡಬಹುದಾದದ್ದು ಏನು? ಹುಳು ಹೊತ್ತವರಿಗೆ ನಿಕ್ಲೋಸಮೈಡ್ ಅಥವಾ ಪ್ರಾಜಿಕ್ವಾಂಟೆಲ್, ಒಂದೇ ಸಲದ ಮದ್ದು. ತೀವ್ರ ಸೋಂಕಿನ ಹಳ್ಳಿಗಳಲ್ಲೂ ಹುಳು ಹೊತ್ತವರು ಸಾಮಾನ್ಯವಾಗಿ ನೂರಕ್ಕೆ ಒಬ್ಬರು, ಇಬ್ಬರು, ಮೂವರು ಅಷ್ಟೇ. ಆ ಕೆಲವರೇ ಊರಿನ ಹಂದಿಗಳಿಗೂ ಮಕ್ಕಳಿಗೂ ಮೊಟ್ಟೆ ಹಂಚುವವರು. ಅವರು ಯಾರೆಂದು ಗೊತ್ತಿಲ್ಲದಿದ್ದರೆ ಎಲ್ಲರಿಗೂ ಕೊಡಬೇಕು. ಇಲ್ಲೊಂದು ಎಚ್ಚರ ಬೇಕು. ಪ್ರಾಜಿಕ್ವಾಂಟೆಲ್ ರಕ್ತಕ್ಕೆ ಸೇರುತ್ತದೆ. ಮಿದುಳಲ್ಲಿ ಗುಳ್ಳೆ ಇರುವವರಿಗೆ ಅದರಿಂದ ಫಿಟ್ಸ್ ಬರುವ ಸಾಧ್ಯತೆ ಇದೆ. ನಿಕ್ಲೋಸಮೈಡ್ ಕರುಳಲ್ಲೇ ಉಳಿಯುವುದರಿಂದ ಆ ಅಪಾಯವಿಲ್ಲ. ಮದ್ದು ಹಂಚಲು ಹೋಗುವವರು ಆ ಊರಿನ ಮೂರ್ಛೆರೋಗಿಗಳನ್ನು ಮೊದಲು ವಿಚಾರಿಸಿಕೊಳ್ಳಬೇಕು.

ಆದರೆ ಮನುಷ್ಯರಿಗಷ್ಟೇ ಮದ್ದು ಕೊಟ್ಟರೆ? ಮಡಗಾಸ್ಕರ್‌ನ ಅಂಟಾನಿಫೋಟ್ಸಿ ಜಿಲ್ಲೆಯಲ್ಲಿ 2015ರಿಂದ ಮೂರು ವರ್ಷ ವರ್ಷಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಹಂಚಿದರು. ಹುಳು ಹೊತ್ತವರ ಸಂಖ್ಯೆ ಚೆನ್ನಾಗಿ ಇಳಿಯಿತು. ಹಂಚುವುದು ನಿಂತ ಮೇಲೆ ಒಂದೂವರೆ ವರ್ಷವೂ ಆಗುವ ಮುನ್ನ ಸೋಂಕು ಮೊದಲಿನ ಮಟ್ಟಕ್ಕೇ ಏರಿತ್ತು. ಹಂದಿಗಳ ಮೈಯಲ್ಲಿ ಗುಳ್ಳೆಗಳು ಹಾಗೆಯೇ ಇದ್ದವಲ್ಲ. ಮಡಗಾಸ್ಕರ್‌ನ ಆರೋಗ್ಯ ಕಾರ್ಯಕರ್ತರು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರು. ಇನ್ನೊಂದು ಇಲಾಖೆಯ ಕೆಲಸ ಜೊತೆಗೆ ನಡೆಯಲಿಲ್ಲ.

ಹಂದಿಗೂ ಮದ್ದಿದೆ. ಕೆ.ಜಿ. ತೂಕಕ್ಕೆ 30 ಮಿ.ಗ್ರಾಂ. ಆಕ್ಸ್‌ಫೆಂಡಜೋಲ್ ಒಂದೇ ಸಲ ಕುಡಿಸಿದರೆ ಮಾಂಸದ ಗುಳ್ಳೆಗಳು ಸಾಯುತ್ತವೆ ಎಂದು ಪೆರುವಿನ ಪಶುವೈದ್ಯ ಆರ್ಮಾಂಡೊ ಗೊನ್ಸಾಲೆಸ್ ಮತ್ತು ಸಂಗಡಿಗರು ತೋರಿಸಿದರು. ಮದ್ದು ಕುಡಿಸಿದ ಮೇಲೆ ಕೆಲವು ವಾರ ಆ ಹಂದಿಯನ್ನು ಕೊಯ್ಯಬಾರದು. ಲಸಿಕೆಯೂ ಇದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಮಾರ್ಷಲ್ ಲೈಟೋಲರ್ಸ್ ಮೊಟ್ಟೆಯೊಳಗಿನ ಭ್ರೂಣದ ಒಂದು ಪ್ರೋಟೀನನ್ನು ಬಳಸಿ ಅದನ್ನು ರೂಪಿಸಿದರು. ಟಿ-ಸೋಲ್ 18 ಎಂದು ಹೆಸರು. ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆ, ಮದ್ದು ಹಳೆಯದನ್ನು ತೆಗೆಯುತ್ತದೆ. 2010ರಲ್ಲಿ ಪ್ರಕಟವಾದ ಕ್ಯಾಮರೂನ್ ಪ್ರಯೋಗದಲ್ಲಿ ಎರಡನ್ನೂ ಪಡೆದ ಹಂದಿಗಳಲ್ಲಿ ಒಂದರಲ್ಲೂ ಗುಳ್ಳೆ ಕಾಣಲಿಲ್ಲ. ಪಡೆಯದ ಹಂದಿಗಳಲ್ಲಿ ಐದಕ್ಕೆ ಒಂದರಲ್ಲಿ ಇತ್ತು. ಸಿಸ್‌ವ್ಯಾಕ್ಸ್ ಎಂಬ ಹೆಸರಲ್ಲಿ ಈ ಲಸಿಕೆಯನ್ನು ತಯಾರಿಸುತ್ತಿರುವುದು ನಮ್ಮ ಪಕ್ಕದ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್.

ಎಲ್ಲವನ್ನೂ ಒಟ್ಟಿಗೆ, ಇಡೀ ಪ್ರದೇಶದಲ್ಲಿ ಮಾಡಿ ತೋರಿಸಿದ್ದು ಪೆರು. ಇಕ್ವಡಾರ್ ಗಡಿಗೆ ತಾಗಿದ ತುಂಬೆಸ್ ಎಂಬ ಪ್ರದೇಶದಲ್ಲಿ ಹೆಕ್ಟರ್ ಗಾರ್ಸಿಯಾ, ರಾಬರ್ಟ್ ಗಿಲ್ಮನ್, ಗೊನ್ಸಾಲೆಸ್ ಮೊದಲಾದವರು 2004ರಲ್ಲಿ ಕೆಲಸ ಆರಂಭಿಸಿದರು. ಮೊದಲು 42 ಹಳ್ಳಿಗಳಲ್ಲಿ ಆರು ಬಗೆಯ ಕ್ರಮಗಳನ್ನು ಹೋಲಿಸಿ ನೋಡಿದರು. ಆಮೇಲೆ 17 ಹಳ್ಳಿಗಳಲ್ಲಿ ಉಳಿದ ಆಯ್ಕೆಗಳನ್ನು ಪರೀಕ್ಷಿಸಿದರು. ಕೊನೆಗೆ ಗ್ರಾಮೀಣ ತುಂಬೆಸ್‌ನ ಎಲ್ಲ 107 ಹಳ್ಳಿಗಳಿಗೂ ಹೋದರು: 81,170 ಜನ, 55,638 ಹಂದಿ. ಜನರಿಗೆ ನಿಕ್ಲೋಸಮೈಡ್, ಹಂದಿಗೆ ಆಕ್ಸ್‌ಫೆಂಡಜೋಲ್, ಅದರ ಜೊತೆ ಲಸಿಕೆ. ಬಳಿಕ ಹಂದಿಗಳನ್ನು ಕೊಂಡು, ಕೊಯ್ದು, ಮೈಯೆಲ್ಲ ಹುಡುಕಿದಾಗ 105 ಹಳ್ಳಿಗಳಲ್ಲಿ ಸೋಂಕು ಹರಡಬಲ್ಲ ಜೀವಂತ ಗುಳ್ಳೆ ಒಂದೂ ಸಿಗಲಿಲ್ಲ. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. 1993ರಲ್ಲೇ ತಜ್ಞರ ಅಂತರರಾಷ್ಟ್ರೀಯ ಕಾರ್ಯಪಡೆಯೊಂದು ಈ ರೋಗವನ್ನು ಭೂಮಿಯಿಂದಲೇ ತೊಲಗಿಸಬಹುದಾದವುಗಳ ಪಟ್ಟಿಗೆ ಸೇರಿಸಿತ್ತು. ಹಳ್ಳಿಯ ಮಟ್ಟದಲ್ಲಿ ಅದಕ್ಕೆ ಸಾಕ್ಷಿ ಸಿಗಲು ಇಷ್ಟು ಕಾಲ ಬೇಕಾಯಿತು. ಜಾಂಬಿಯಾದಲ್ಲಿ ಇದೇ ಮಾದರಿಯ ಜಂಟಿ ಕ್ರಮದಿಂದ ಆಫ್ರಿಕಾದಲ್ಲೂ ಹರಡುವಿಕೆ ನಿಲ್ಲಬಲ್ಲದು ಎಂಬ ಫಲಿತಾಂಶ 2020ರಲ್ಲಿ ಹೊರಬಂತು.

ಪೆರು ಕಡುಬಡ ದೇಶವಲ್ಲ, ಅಲ್ಲಿಯ ಸಂಶೋಧಕರಿಗೆ ಹಣದ ಬೆಂಬಲವಿತ್ತು. ಮಲಾವಿಯಲ್ಲೋ ಮೊಜಾಂಬಿಕ್‌ನಲ್ಲೋ ಪ್ರತಿ ಹಂದಿಗೂ ಎರಡು ಬಾರಿ ಲಸಿಕೆ ಹಾಕಲು ಹಳ್ಳಿ ಹಳ್ಳಿಗೆ ತಂಪು ಪೆಟ್ಟಿಗೆ ಹೊತ್ತು ಹೋಗಬೇಕು. ಮೊದಲ ಸಲ ಸಿಕ್ಕ ಹಂದಿ ಎರಡನೇ ಸಲಕ್ಕೆ ಮಾರಾಟವಾಗಿರುತ್ತದೆ. ಹಂದಿಯ ಆಯುಷ್ಯವೇ ಒಂದು ವರ್ಷದ ಆಚೀಚೆ, ಹೊಸ ಮರಿಗಳು ಬರುತ್ತಲೇ ಇರುತ್ತವೆ. ಖರ್ಚು ತಗ್ಗಿಸುವ ದಾರಿಯನ್ನೂ ಪೆರುವಿನವರೇ ಹುಡುಕಿದ್ದಾರೆ. ಹಂದಿಯ ನಾಲಿಗೆಯಲ್ಲಿ ಗುಳ್ಳೆ ಸಿಕ್ಕರೆ ಹುಳು ಹೊತ್ತವರು ಹತ್ತಿರದಲ್ಲೇ ಇದ್ದಾರೆ ಎಂದರ್ಥ. ಆ ಮನೆಯ ಸುತ್ತ 100 ಮೀಟರ್ ಒಳಗಿನವರಿಗೆ ಮಾತ್ರ ಪರೀಕ್ಷೆ, ಮದ್ದು. ಪಶುವೈದ್ಯನ ಬೆರಳ ತುದಿಗೆ ಸಿಕ್ಕ ಸುಳಿವು ನರರೋಗ ತಜ್ಞರ ಬಳಿಗೆ ಬರಬೇಕಾಗಿದ್ದ ರೋಗಿಯನ್ನು ತಪ್ಪಿಸುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾದ ಕೆಲಸ ಇದು.

ಇನ್ನು ಹಣ ಕೊಡುವವರು ಯಾರು? ಇಲ್ಲಿಯೇ ಎಲ್ಲ ಯೋಜನೆಗಳೂ ನಿಂತುಹೋಗುತ್ತವೆ. ಗುಳ್ಳೆ ತುಂಬಿದ ಹಂದಿಗೆ ಜ್ವರವಿಲ್ಲ, ತೂಕ ಇಳಿಯುವುದಿಲ್ಲ. ಲಸಿಕೆ ಹಾಕಿಸಿದರೆ ಸಾಕಿದವರಿಗೆ ಕಣ್ಣಿಗೆ ಕಾಣುವ ಲಾಭವಿಲ್ಲ. ಆರೋಗ್ಯ ಇಲಾಖೆ ಇದು ಪ್ರಾಣಿಯ ಕಾಯಿಲೆ ಎನ್ನುತ್ತದೆ. ಪಶುಪಾಲನಾ ಇಲಾಖೆಗೆ ಹಂದಿ ಸಾಯದ ಕಾಯಿಲೆಯ ಬಗ್ಗೆ ಆತುರವಿಲ್ಲ. ನನ್ನ ನಿಲುವು ಸ್ಪಷ್ಟ: ಲಾಭ ಮನುಷ್ಯರ ಮಿದುಳಿಗೆ, ಆದ್ದರಿಂದ ಹಂದಿಯ ಲಸಿಕೆಯ ಖರ್ಚನ್ನು ಆರೋಗ್ಯದ ಹಣದಿಂದಲೇ ಭರಿಸಬೇಕು. ಲಸಿಕೆ ಹಾಕುವ ಕೈ ಪಶುವೈದ್ಯರದಾಗಲಿ. ಹಂದಿ ಸಾಕುವವರನ್ನು ಕೊಳಕರೆಂದು ದೂರ ಇಡುವ ಸಮಾಜದಲ್ಲಿ, ಅವರ ಹಂದಿಗೆ ಉಚಿತ ಲಸಿಕೆ ಎಂದ ಕೂಡಲೇ ಆಕ್ಷೇಪ ಏಳುತ್ತದೆ. ಹಂದಿ ತಾನಾಗಿ ಈ ಹುಳುವನ್ನು ಹುಟ್ಟಿಸುವುದಿಲ್ಲ, ಮನುಷ್ಯ ಕೊಟ್ಟದ್ದನ್ನೇ ಮರಳಿಸುತ್ತದೆ ಎಂದು ಆಗ ಗಟ್ಟಿಯಾಗಿ ಹೇಳಬೇಕಾದವರು ವೈದ್ಯರು.

ವಿಶ್ವ ಆರೋಗ್ಯ ಸಂಸ್ಥೆಯ 2030ರ ಗುರಿಯಂತೆ ಹುಳು ನೆಲೆಯೂರಿದ ದೇಶಗಳಲ್ಲಿ 17 ದೇಶಗಳು ತಮ್ಮ ಅತಿ ಸೋಂಕಿನ ಪ್ರದೇಶಗಳಲ್ಲಿ ತೀವ್ರ ನಿಯಂತ್ರಣ ಕಾರ್ಯ ನಡೆಸುತ್ತಿರಬೇಕು. ಲಸಿಕೆ ತಯಾರಿಸುವ ಭಾರತ ಈ ಕೆಲಸದಲ್ಲಿ ಮುಂದೆ ನಿಲ್ಲಬೇಕೆಂಬುದು ನನ್ನ ಆಸೆ.

ಇಲ್ಲಿ ಕೂತಿರುವ ವೈದ್ಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಫಿಟ್ಸ್ ಬಂದ ಮಗುವಿನ ಸ್ಕ್ಯಾನ್‌ನಲ್ಲಿ ಈ ಗುಳ್ಳೆ ಕಂಡ ದಿನ, ಚೀಟಿ ಬರೆದು ಕಳಿಸಿ ಸುಮ್ಮನಾಗಬೇಡಿ. ಆ ಮನೆಯಲ್ಲಿ ಅಡುಗೆ ಮಾಡುವವರು, ಮಗುವಿಗೆ ಉಣಿಸುವವರು ಎಲ್ಲರ ಮಲಪರೀಕ್ಷೆ ಮಾಡಿಸಿ. ಯಾರ ಹೊಟ್ಟೆಯಲ್ಲಾದರೂ ಹುಳು ಇದ್ದರೆ ಅವರನ್ನು ಬೈಯದೆ ಮಾತ್ರೆ ಕೊಡಿ. ಮಗುವಿನ ಊರು ಯಾವುದು, ಅಲ್ಲಿ ಬಿಟ್ಟು ಮೇಯಿಸುವ ಹಂದಿಗಳಿವೆಯೇ ಎಂದು ಕೇಳಿ ಬರೆದುಕೊಂಡು, ಅದೇ ದಿನ ಆ ತಾಲ್ಲೂಕಿನ ಪಶುವೈದ್ಯರಿಗೆ ಒಂದು ಫೋನ್ ಮಾಡಿ.